ರೈತರ ಕೈಗೆ ಒಗ್ಗುವ ಮೊಬೈಲ್ ಆ್ಯಪ್

ಬೇಸಾಯದ ಉಪಕರಣ ಕೊಳ್ಳುವಾಗ ನಮ್ಮ ರೈತರು ಮೊದಲು ಅದನ್ನು ಹಿಡಿದು ನೋಡುತ್ತಾರೆ. ಕುಡುಗೋಲಿನ ಹಿಡಿ ಕೈಗೆ ಕೂರದಿದ್ದರೆ, ನೊಗ ಎತ್ತಿನ ಹೆಗಲನ್ನು ಉಜ್ಜಿದರೆ, ಅದನ್ನು ಮಾಡಿದವನ ಬಳಿಗೇ ಹಿಂದಕ್ಕೆ ಒಯ್ಯುತ್ತಾರೆ. ಎತ್ತಿನ ಹೆಗಲು ಸರಿಯಿಲ್ಲವೆಂದು ಯಾರೂ ಹೇಳುವುದಿಲ್ಲ. ಮೊಬೈಲ್ ಆ್ಯಪ್‌ನ ವಿಷಯದಲ್ಲಿ ಮಾತ್ರ ಇದು ತಲೆಕೆಳಗಾಗಿದೆ. ಆ್ಯಪ್ ಅರ್ಧಕ್ಕೆ ನಿಂತರೆ "ನಮಗೆ ಅಷ್ಟು ಓದು ಇಲ್ಲ ಸಾರ್" ಎಂದು ರೈತರೇ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುವುದನ್ನು ನಾನು ಹಲವು ಗ್ರಾಮಗಳಲ್ಲಿ ಕಂಡಿದ್ದೇನೆ.

ಪಹಣಿ, ಹವಾಮಾನ, ಪೇಟೆ ಧಾರಣೆ ಇವೆಲ್ಲವೂ ಇಂದು ಮೊಬೈಲ್‌ನಲ್ಲಿಯೇ ದೊರೆಯುತ್ತವೆ. ಹವಾಮಾನ ಆಧಾರಿತ ಸಲಹೆಗಳಿಗಾಗಿ 2019ರಲ್ಲಿ 'ಮೇಘದೂತ' ಆ್ಯಪ್ ಬಂದಿತು. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಬೆಳೆಯ ವಿವರ ದಾಖಲಿಸುವ ಬೆಳೆ ಸಮೀಕ್ಷೆಯ ಆ್ಯಪ್ ನಮ್ಮ ರಾಜ್ಯದಲ್ಲಿ ಬಳಕೆಗೆ ಬಂದಿತು. ಆದುದರಿಂದ ಇವುಗಳ ವಿನ್ಯಾಸ ಎಂಜಿನಿಯರುಗಳಿಗಷ್ಟೇ ಸೇರಿದ ವಿಷಯವಾಗಿ ಉಳಿದಿಲ್ಲ.

ನಮ್ಮಿಂದಲೇ ಆದ ತಪ್ಪು

ಕೆಲವು ವರ್ಷಗಳ ಹಿಂದೆ ರಸಗೊಬ್ಬರದ ಪ್ರಮಾಣ ಲೆಕ್ಕ ಹಾಕುವ ಒಂದು ಚಿಕ್ಕ ಆ್ಯಪ್ ಸಿದ್ಧಪಡಿಸುವ ಕೆಲಸದಲ್ಲಿ ನಾನೂ ಇದ್ದೆ. ಬೆಳೆ ಆರಿಸಿ, ವಿಸ್ತೀರ್ಣ ತುಂಬಿದರೆ ಉತ್ತರ ಬರುತ್ತಿತ್ತು. ವಿಸ್ತೀರ್ಣದ ಮುಂದೆ 'ಹೆಕ್ಟೇರ್' ಎಂದು ತಿಳಿಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ಬರೆದಿದ್ದೆವು. ಕಚೇರಿಯಲ್ಲಿ ಎಲ್ಲರೂ ಒಪ್ಪಿದರು. ಹೆಕ್ಟೇರ್ ಲೆಕ್ಕ ನಮಗೆ ಉಸಿರಾಟದಷ್ಟು ಸಹಜವಾಗಿತ್ತು.

ನೀರಾವರಿ ರಾಗಿ ಬೆಳೆಯುವ ರೈತರೊಬ್ಬರು ತಮ್ಮ ಒಂದು ಎಕರೆಗೆ '1' ಎಂದು ತುಂಬಿದರು. ನೀರಾವರಿ ರಾಗಿಗೆ ಹೆಕ್ಟೇರಿಗೆ 100 ಕಿ.ಗ್ರಾಂ. ಸಾರಜನಕ ಶಿಫಾರಸಾಗಿದೆ. ಯೂರಿಯಾದಲ್ಲಿ ಸಾರಜನಕ ಶೇಕಡ 46 ಇರುವುದರಿಂದ, ಪೂರ್ತಿಯಾಗಿ ಯೂರಿಯಾದಿಂದಲೇ ಒದಗಿಸಿದರೆ 217 ಕಿ.ಗ್ರಾಂ. ಬೇಕು. ಆ್ಯಪ್ ತೋರಿಸಿದ್ದು ಅದನ್ನೇ. ಆದರೆ ಒಂದು ಹೆಕ್ಟೇರ್ ಎಂದರೆ 2.47 ಎಕರೆ. ಅವರ ಎಕರೆಗೆ ಬೇಕಾಗಿದ್ದುದು ಸುಮಾರು 88 ಕಿ.ಗ್ರಾಂ. ಮಾತ್ರ. "ಇದು ಐದು ಮೂಟೆಗೆ ಹತ್ತಿರ ಆಗುತ್ತಲ್ಲ ಸಾರ್, ಎರಡು ಮೂಟೆ ಹಾಕೋ ಜಾಗಕ್ಕೆ?" ಎಂದು ಅವರು ಫೋನ್ ಮಾಡಿ ಕೇಳಿದ್ದು ನಮ್ಮ ಪುಣ್ಯ. ಕೇಳದೆ ಹಾಕಿದ್ದರೆ ಪೈರು ಸೊಕ್ಕಿ ಬೆಳೆದು, ತೆನೆ ಬರುವ ವೇಳೆಗೆ ನೆಲಕ್ಕೆ ಒರಗುತ್ತಿತ್ತು, ಬೆಂಕಿರೋಗಕ್ಕೂ ದಾರಿಯಾಗುತ್ತಿತ್ತು.

ನಮ್ಮ ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ತಪ್ಪಿದ್ದು ವಿನ್ಯಾಸ.

ಅಮೆರಿಕದ ಡೊನಾಲ್ಡ್ ನಾರ್ಮನ್ ಎಂಬ ಮನೋವಿಜ್ಞಾನಿ ನಿತ್ಯಬಳಕೆಯ ವಸ್ತುಗಳ ಬಗ್ಗೆ 1988ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ವಿಷಯವನ್ನು ಬಾಗಿಲಿನ ಉದಾಹರಣೆಯಿಂದ ವಿವರಿಸಿದ್ದಾರೆ. ತಳ್ಳಬೇಕಾದ ಬಾಗಿಲಿಗೆ ಎಳೆಯುವಂತಹ ಹಿಡಿ ಹಾಕಿದರೆ ಜನ ಎಳೆಯುತ್ತಾರೆ. ಅಲ್ಲಿ 'ತಳ್ಳಿರಿ' ಎಂದು ಫಲಕ ತಗುಲಿಸುವುದಕ್ಕಿಂತ ಹಿಡಿಯನ್ನು ಬದಲಿಸುವುದೇ ಪರಿಹಾರ. ನಮ್ಮ 'ಹೆಕ್ಟೇರ್' ಎಂಬ ಸಣ್ಣಕ್ಷರವೂ ಅಂತಹ ಫಲಕವೇ ಆಗಿತ್ತು.

ಹೊಲದ ಪರಿಸ್ಥಿತಿ

ಆ್ಯಪ್ ತಯಾರಾಗುವುದು ನೆರಳಿನಲ್ಲಿ, ಬಳಕೆಯಾಗುವುದು ಬಿಸಿಲಿನಲ್ಲಿ. ಮಧ್ಯಾಹ್ನದ ಬಿಸಿಲಿಗೆ ತಿಳಿಬಣ್ಣದ ಅಕ್ಷರಗಳು ಕಾಣುವುದೇ ಇಲ್ಲ. ಜಾಲತಾಣಗಳ ಅಂತರರಾಷ್ಟ್ರೀಯ ಮಾನದಂಡದಂತೆ ಸಾಮಾನ್ಯ ಗಾತ್ರದ ಅಕ್ಷರ ಹಾಗೂ ಹಿನ್ನೆಲೆಗಳ ನಡುವಿನ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು. ಹೊಲದ ಕೆಲಸಕ್ಕೆ ಅದಕ್ಕಿಂತಲೂ ಹೆಚ್ಚಿದ್ದರೆ ಒಳಿತು. ಬಿಳಿಯ ಮೇಲೆ ಕಪ್ಪು ಅಕ್ಷರವೇ ಮೇಲು. ಒತ್ತುವ ಗುಂಡಿ ಸುಮಾರು 9 ಮಿ.ಮೀ. ಅಗಲ, ಅಷ್ಟೇ ಎತ್ತರ ಇರಬೇಕೆಂದು ಆಂಡ್ರಾಯ್ಡ್ ಸೂಚನೆಗಳು ಹೇಳುತ್ತವೆ. ಕಳೆ ಕಿತ್ತು ಬಂದ ಒದ್ದೆ ಕೈಯಲ್ಲಿ ಫೋನ್ ಹಿಡಿಯುವವರಿಗೆ ಇದು ಅತ್ಯವಶ್ಯಕ.

ಕನ್ನಡದ್ದೇ ಆದ ತೊಡಕೂ ಇದೆ. ಇಂಗ್ಲಿಷ್ ಅಕ್ಷರಗಳಿಗೆ ಹೊಂದಿಸಿದ ಸಾಲಿನಲ್ಲಿ ಕನ್ನಡ ತುಂಬಿದರೆ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. ನಮ್ಮ ಪದಗಳು ಉದ್ದವಾದ್ದರಿಂದ ಗುಂಡಿಯೊಳಗೆ ಹಿಡಿಸದೆ ಅರ್ಧಕ್ಕೆ ನಿಲ್ಲುತ್ತವೆ. ಇದಕ್ಕಿಂತ ಕಷ್ಟದ್ದು ಭಾಷಾಂತರ. ಊರಿನಲ್ಲಿ ಯಾರೂ ಆಡದ ಮಾತುಗಳನ್ನು ತುಂಬಿ 'ಕನ್ನಡದಲ್ಲಿ ಲಭ್ಯ' ಎಂದರೆ ಪ್ರಯೋಜನವಿಲ್ಲ. 'ಉನ್ನತ ಪೋಷಕಾಂಶ ಅನ್ವಯ' ಎನ್ನುವ ಬದಲು 'ಮೇಲುಗೊಬ್ಬರ' ಎಂದರೆ ಸಾಕಲ್ಲವೇ?

ಹೊಲದಲ್ಲಿ ಸಿಗ್ನಲ್ ಸಿಗದಿದ್ದಾಗ ತುಂಬಿದ ಮಾಹಿತಿ ಅಳಿಸಿಹೋಗದೆ ಫೋನಿನಲ್ಲೇ ಉಳಿದು, ಸಿಗ್ನಲ್ ಬಂದ ಮೇಲೆ ತಾನೇ ರವಾನೆಯಾಗಬೇಕು.

ಪರೀಕ್ಷೆ ಹೇಗೆ?

ಡೆನ್ಮಾರ್ಕ್ ಮೂಲದ ತಜ್ಞ ಯಾಕೋಬ್ ನೀಲ್ಸನ್ 2000ರಲ್ಲಿ ಬರೆದ ಲೇಖನದಲ್ಲಿ, 5 ಜನ ಬಳಸುವುದನ್ನು ಗಮನಿಸಿದರೆ ಬಳಕೆಯ ತೊಡಕುಗಳಲ್ಲಿ ಸುಮಾರು ಶೇಕಡ 85ರಷ್ಟು ಹೊರಬೀಳುತ್ತವೆ ಎಂದಿದ್ದಾರೆ. ಕ್ಷೇತ್ರ ಪ್ರಯೋಗಗಳಲ್ಲಿ ಪುನರಾವರ್ತನೆ ಎಣಿಸಿ ಎಣಿಸಿ ರೂಢಿಯಾದ ನನಗೆ ಇದು ಮೊದಲು ನಗು ತರಿಸಿತು. ಯೋಚಿಸಿದಾಗ ಸರಿಯೆನಿಸಿತು. ಇಲ್ಲಿ ಇಳುವರಿ ಅಳೆಯುತ್ತಿಲ್ಲ, ಬದುವಿನಲ್ಲಿ ತೂತು ಹುಡುಕುತ್ತಿದ್ದೇವೆ. ಆದರೆ ಆ 5 ಜನರೂ ಓದಿದ ಯುವಕರೇ ಆಗಿರಬಾರದು. ಮಹಿಳೆಯರನ್ನೂ ವಯಸ್ಸಾದವರನ್ನೂ ಬೇರೆ ಬೇರೆಯಾಗಿ ಕೂರಿಸಿ ನೋಡಬೇಕು.

ವಿಧಾನ ಸುಲಭ. ರೈತರ ಕೈಗೆ ಫೋನ್ ಕೊಟ್ಟು, "ನಿಮ್ಮ ಹೊಲಕ್ಕೆ ಎಷ್ಟು ಯೂರಿಯಾ ಬೇಕು, ನೋಡಿ" ಎಂದಷ್ಟೇ ಹೇಳಬೇಕು. ಆಮೇಲೆ ಬಾಯಿ ಬಿಗಿಹಿಡಿದು ಕೂರಬೇಕು. ವಿಸ್ತರಣಾ ಕಾರ್ಯಕರ್ತರಿಗೆ ಇದೇ ಕಷ್ಟದ ಭಾಗ. ಬೆರಳು ತಪ್ಪಿದೊಡನೆ ಹೇಳಿಕೊಡಲು ನಾಲಿಗೆ ತುರಿಸುತ್ತದೆ. ಎಲ್ಲಿ ಬೆರಳು ನಿಂತಿತು, ಏನನ್ನು ಎರಡನೇ ಸಲ ಓದಿದರು ಎಂಬುದನ್ನು ಮಾತ್ರ ಬರೆದುಕೊಳ್ಳಬೇಕು.

ರೈತ ಬಾಂಧವರು ಸಹ ಆ್ಯಪ್ ಕೈಕೊಟ್ಟಾಗ ಸುಮ್ಮನಿರಬಾರದು. ಏನು ಮಾಡಲು ಹೊರಟಿರಿ, ಯಾವ ಪುಟದಲ್ಲಿ ನಿಂತಿತು ಎಂಬುದನ್ನು ಆ ಪುಟದ ಚಿತ್ರದೊಂದಿಗೆ ಸಂಬಂಧಪಟ್ಟವರಿಗೆ ಕಳುಹಿಸಿರಿ. ಆ್ಯಪ್ ತೋರಿಸುವ ಗೊಬ್ಬರ ಅಥವಾ ಔಷಧದ ಪ್ರಮಾಣ ನಿಮ್ಮ ವಾಡಿಕೆಗಿಂತ ಬಹಳ ಹೆಚ್ಚೆನಿಸಿದರೆ, ಬಳಸುವ ಮುನ್ನ ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳಿರಿ.

ನಮ್ಮ ಆ್ಯಪ್‌ನಲ್ಲಿ ಹೆಕ್ಟೇರನ್ನು ತೆಗೆದು ಎಕರೆ-ಗುಂಟೆ ಹಾಕಿದೆವು. ಉತ್ತರವನ್ನು ಮೂಟೆಗಳಲ್ಲಿ ಕೊಟ್ಟೆವು. ಇನ್ನು ತೊಂದರೆಯಿಲ್ಲವೆಂದು ಎರಡನೇ ಪರೀಕ್ಷೆಗೆ ಹೋದಾಗ ರೈತ ಮಹಿಳೆಯೊಬ್ಬರು, "ಯಾವ ಮೂಟೆ? ಡಿ.ಎ.ಪಿ. ಮೂಟೆ ಐವತ್ತು ಕಿಲೋ, ಯೂರಿಯಾ ನಲವತ್ತೈದೇ ಅಲ್ಲವಾ?" ಎಂದರು. 2018ರಲ್ಲಿ ಯೂರಿಯಾ ಮೂಟೆ 50ರಿಂದ 45 ಕಿ.ಗ್ರಾಂ.ಗೆ ಇಳಿದದ್ದು ನಮ್ಮ ಲೆಕ್ಕದಲ್ಲಿ ಸೇರಿರಲೇ ಇಲ್ಲ. ಈಗ ಪ್ರತಿ ಗೊಬ್ಬರದ ಮುಂದೆ ಮೂಟೆಯ ತೂಕವನ್ನೂ ದಪ್ಪಕ್ಷರದಲ್ಲಿ ಹಾಕಿದ್ದೇವೆ.