ಲಕ್ಕುಂಡಿಯಲ್ಲಿ ಒಮ್ಮೆ ಇಳಿದು ನೋಡಿ

ಹುಲಿಗೆಮ್ಮನ ದರ್ಶನಕ್ಕೋ ಹಂಪಿಗೋ ನೀವು ಹೊರಟಿರುತ್ತೀರಿ. ಗದಗ ದಾಟಿ ಕೊಪ್ಪಳದ ಹೆದ್ದಾರಿಯಲ್ಲಿ ಸುಮಾರು 12 ಕಿಲೋಮೀಟರು ಹೋಗುವಷ್ಟರಲ್ಲಿ ಕಂಡಕ್ಟರು “ಲಕ್ಕುಂಡಿ, ಲಕ್ಕುಂಡಿ” ಎಂದು ಕೂಗುತ್ತಾರೆ. ನಾಲ್ಕು ಜನ ಇಳಿಯುತ್ತಾರೆ. ನೀವು ಕಿಟಕಿಯಾಚೆ ಒಮ್ಮೆ ನೋಡಿ, “ಅಲ್ಲೇನಿದೆ ಮಹಾ, ಒಂದು ಹಳ್ಳಿ” ಎಂದು ಸುಮ್ಮನಾಗುತ್ತೀರಿ.

ಮುಂದಿನ ಸಲ ಇಳಿದುಬಿಡಿ, ಸೋದರಿಯರೇ. ಸಾವಿರ ವರ್ಷದ ಹಿಂದೆ ಇದು ಲೊಕ್ಕಿಗುಂಡಿ ಎಂಬ ದೊಡ್ಡ ಪಟ್ಟಣ. ನಾಣ್ಯ ಅಚ್ಚು ಹಾಕುವ ಟಂಕಸಾಲೆಯಿದ್ದ ಊರು. ಅದಕ್ಕಿಂತ ಹೆಚ್ಚಾಗಿ, ಇದು ನಮ್ಮ ಅತ್ತಿಮಬ್ಬೆಯ ಊರು.

ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಶಾಲೆಯಲ್ಲಿ ಓದಿದ್ದೀರಿ. ಆದರೆ ಅವಳ ಬಾಳು ಹೇಗಿತ್ತು ಗೊತ್ತೇ? ಗಂಡ ನಾಗದೇವ ಯುದ್ಧದಲ್ಲಿ ಮಡಿದ. ಅವನನ್ನೇ ಮದುವೆಯಾಗಿದ್ದ ಅವಳ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನನ್ನು ಸಾಕಲು ಉಳಿದಳು. ಉಳಿದವಳು ಮೂಲೆ ಹಿಡಿದು ಕೂರಲಿಲ್ಲ. ತವರಿನವರು ಪೊನ್ನನಿಂದ ಬರೆಯಿಸಿದ್ದ ಶಾಂತಿಪುರಾಣ ನಶಿಸಿಹೋಗಬಾರದೆಂದು ಅದರ 1000 ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲ. ಒಂದೊಂದು ಓಲೆಯನ್ನೂ ಕಂಠದಿಂದ ಕೊರೆಯಬೇಕು. (ಒಂದು ಹೊಸರುಚಿ ಬರೆದಿಟ್ಟುಕೊಳ್ಳೋದಕ್ಕೇ ನಮಗೆ ಬೇಸರ!) ರನ್ನ 993ರಲ್ಲಿ ಅಜಿತಪುರಾಣ ಬರೆದದ್ದೂ ಅವಳ ಆಶ್ರಯದಲ್ಲೇ.

ಅವಳು ಕಟ್ಟಿಸಿದ ಬಸದಿ, ಬ್ರಹ್ಮ ಜಿನಾಲಯ, ಇನ್ನೂ ನಿಂತಿದೆ. ಅವಳ ದಾನವನ್ನು ಹೇಳುವ ಶಾಸನದ ಕಾಲ 1007. ಒಳಗೆ ನಾಲ್ಕು ಮುಖದ ಬ್ರಹ್ಮನಿದ್ದಾನೆ. ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತು ಬನ್ನಿ, ತಂಪಾಗಿರುತ್ತದೆ.

ಕೆತ್ತನೆ ನೋಡುವ ಆಸೆಯಿದ್ದರೆ ಕಾಶಿವಿಶ್ವೇಶ್ವರ ಗುಡಿಗೆ ಹೋಗಿ. ಶಿವನಿಗೆ ಎದುರಾಗಿ ಸೂರ್ಯನ ಗುಡಿ. ಬಾಗಿಲವಾಡದ ಮೇಲೆ ಪಟ್ಟಿಯ ಪಕ್ಕ ಪಟ್ಟಿ, ಕ್ರೋಶಾದಲ್ಲಿ ಹೆಣೆದ ಅಂಚಿನ ಹಾಗೆ. ಬಳಪದ ಕಲ್ಲು ಮೆತ್ತಗಿರುವುದರಿಂದ ಇಷ್ಟು ನಾಜೂಕು ಸಾಧ್ಯವಾಯಿತಂತೆ. ಕಲ್ಲು ಮೆತ್ತಗಿದ್ದರೆ ಸಾಕೇ, ಕೈಯೂ ಬೇಕಲ್ಲ!

ನನಗೆ ಮಾತ್ರ ಎಲ್ಲಕ್ಕಿಂತ ಇಷ್ಟವಾದದ್ದು ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿ. ಮೂರು ಕಡೆ ಮೆಟ್ಟಿಲು, ಮೆಟ್ಟಿಲ ನಡುವೆ ಪುಟ್ಟ ಪುಟ್ಟ ಗೂಡುಗುಡಿಗಳು. ನೀರು ಸೇದುವ ಜಾಗವನ್ನೂ ದೇವರ ಮನೆಯಂತೆ ಕಟ್ಟಿದ್ದಾರೆ. ಮಕ್ಕಳ ಕೈ ಬಿಡಬೇಡಿ, ಮೆಟ್ಟಿಲು ಕಡಿದು.

ಊರೊಳಗಿನ ಕೆಲವು ಗುಡಿಗಳಿಗೆ ಮನೆಗಳು ಒತ್ತಿಕೊಂಡೇ ಇವೆ. ದಾರಿ ತಿಳಿಯದಿದ್ದರೆ ಕಟ್ಟೆಯ ಮೇಲೆ ಕೂತವರನ್ನು ಕೇಳಿ, “ಬರ್ರಿ ಅಕ್ಕಾರ” ಅಂತ ಕರೆದುಕೊಂಡೇ ಹೋಗಿ ತೋರಿಸುತ್ತಾರೆ. ಬೇಸಿಗೆ ಬೇಡ, ಕಲ್ಲು ಕಾದು ಬರಿಗಾಲು ಸುಡುತ್ತದೆ. ಮಳೆಗಾಲ ಕಳೆದ ಮೇಲೆ, ಬೆಳಗ್ಗೆ ಬೇಗ ಹೊರಡಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ಸಾಕು. ಗದಗಕ್ಕೆ ಮರಳಿದ ಮೇಲೆ ಬಿಸಿ ಮಿರ್ಚಿ ಇದ್ದೇ ಇದೆ.

ಸಮಯ ಉಳಿದರೆ ಅದೇ ಹೆದ್ದಾರಿಯಲ್ಲಿ ಕೊಪ್ಪಳದ ಕಡೆ ಮುಂದೆ ಸಾಗಿ, ಬನ್ನಿಕೊಪ್ಪದ ಹತ್ತಿರ ಒಳಕ್ಕೆ ತಿರುಗಿ. ಅಲ್ಲಿ ಇಟಗಿಯಿದೆ, 1112ರ ಮಹಾದೇವ ದೇವಾಲಯ. ಅದಕ್ಕೇ ಒಂದು ದಿನ ಬೇಕು, ಅದನ್ನು ಮುಂದಿನ ರಜೆಗೆ ಇಟ್ಟುಕೊಳ್ಳಿ.