ಟ್ರ್ಯಾಕ್ಟರಿನ ಸ್ಟೀರಿಂಗ್ ಸಡಿಲ: ಕಾಲಂ ಬೇರಿಂಗುಗಳ ತಪಾಸಣೆ ಮತ್ತು ದುರಸ್ತಿ

ಕಬ್ಬು ತುಂಬಿದ ಟ್ರೇಲರನ್ನು ಎಳೆದುಕೊಂಡು ಟ್ರ್ಯಾಕ್ಟರ್ ನಾಲೆಯ ಏರಿಯ ಮೇಲೆ ಬರುತ್ತಿರುತ್ತದೆ. ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗಿನ ಗದ್ದೆ. ಎದುರಿಗೆ ಬಂದ ಎತ್ತಿನ ಗಾಡಿಗೆ ದಾರಿ ಬಿಡಲು ಚಾಲಕನು ಸ್ಟೀರಿಂಗ್ ಚಕ್ರವನ್ನು ಅರ್ಧ ಗೇಣು ತಿರುಗಿಸಿದರೂ ಮುಂದಿನ ಗಾಲಿಗಳು ಅಲುಗುವುದಿಲ್ಲ. ಇನ್ನೂ ಸ್ವಲ್ಪ ತಿರುಗಿಸಿದಾಗ ಒಮ್ಮೆಲೇ ಹೊರಳುತ್ತವೆ. ಟ್ರೇಲರಿನ ಭಾರ ಹಿಂದೆ ಬಿದ್ದು ಮುಂದಿನ ಗಾಲಿಗಳ ಮೇಲಿನ ಒತ್ತಡ ಮೊದಲೇ ಕಡಿಮೆಯಾಗಿರುತ್ತದೆ. ಇಂತಹ ಸಮಯದಲ್ಲಿ ಸ್ಟೀರಿಂಗ್ ಸಡಿಲವಾಗಿದ್ದರೆ ಟ್ರ್ಯಾಕ್ಟರ್ ಏರಿಯ ಅಂಚನ್ನು ದಾಟಲು ಒಂದು ಕ್ಷಣ ಸಾಕು.

ಸ್ಟೀರಿಂಗ್ ಸಡಿಲವಾದಾಗ ಅನೇಕರು ಎರಡು ತಪ್ಪುಗಳನ್ನು ಮಾಡುತ್ತಾರೆ. ಕೆಲವರು ಸ್ಟೀರಿಂಗ್ ಪೆಟ್ಟಿಗೆಯ ಮೇಲಿನ ಹೊಂದಾಣಿಕೆ ತಿರುಪನ್ನು ಬಿಗಿ ಮಾಡಿ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಇನ್ನು ಕೆಲವರು ನೆಗಡಿ ಬಂದರೆ ಮೂಗು ಕೊಯ್ದುಕೊಂಡಂತೆ ಇಡೀ ಪೆಟ್ಟಿಗೆಯನ್ನೇ ಬದಲಾಯಿಸುತ್ತಾರೆ. ಹಲವು ಸಂದರ್ಭಗಳಲ್ಲಿ ದೋಷವಿರುವುದು ಸ್ಟೀರಿಂಗ್ ಕಾಲಂನಲ್ಲಿರುವ ಒಂದು ಸಣ್ಣ ಬುಷ್ ಅಥವಾ ಬೇರಿಂಗಿನಲ್ಲಿ. ಸಡಿಲ ಎಲ್ಲಿದೆ ಎಂಬುದನ್ನು ಮೊದಲು ಕಂಡುಕೊಂಡು ನಂತರ ಪಾನಾ ಕೈಗೆತ್ತಿಕೊಳ್ಳುವುದು ಸರಿಯಾದ ಕ್ರಮ.

ರಚನೆ

ಸ್ಟೀರಿಂಗ್ ಚಕ್ರದ ಕೆಳಗಿರುವ ಉದ್ದನೆಯ ಕೊಳವೆಗೆ ಕಾಲಂ ಎಂದು ಹೆಸರು. ಇದರೊಳಗೆ ಸ್ಟೀರಿಂಗ್ ದಂಡ ತಿರುಗುತ್ತದೆ. ಕೊಳವೆಯ ಮೇಲ್ತುದಿಯಲ್ಲಿ ಒಂದು ಬುಷ್ ಅಥವಾ ಬಾಲ್ ಬೇರಿಂಗ್ ಇದ್ದು, ದಂಡವನ್ನು ನಟ್ಟನಡುವೆ ಹಿಡಿದಿಡುತ್ತದೆ. ದಂಡದ ಕೆಳತುದಿಯಲ್ಲಿ ತಿರುಪಿನಂತಹ ಸುರುಳಿ ಹಲ್ಲುಗಳಿರುತ್ತವೆ. ಇದಕ್ಕೆ ವರ್ಮ್ ಎನ್ನುತ್ತಾರೆ. ವರ್ಮಿನ ಮೇಲೆ ಮತ್ತು ಕೆಳಗೆ ಒಂದೊಂದು ಬೇರಿಂಗ್ ಇರುತ್ತದೆ. ದಂಡ ಮೇಲೆ ಕೆಳಗೆ ಜಾರದಂತೆ ತಡೆಯುವುದೇ ಇವುಗಳ ಕೆಲಸ.

ವರ್ಮ್ ತಿರುಗಿದಾಗ ಅದರ ಮೇಲಿನ ನಟ್ಟು ಸರಿದು ಸೆಕ್ಟರ್ ದಂಡವನ್ನು ತಿರುಗಿಸುತ್ತದೆ. ಅದಕ್ಕೆ ಜೋಡಿಸಿದ ಡ್ರಾಪ್ ಆರ್ಮ್ ಹಿಂದೆ ಮುಂದೆ ಚಲಿಸಿ, ಡ್ರ್ಯಾಗ್ ಲಿಂಕ್ ಮತ್ತು ಟೈ ರಾಡ್ ಮೂಲಕ ಮುಂದಿನ ಗಾಲಿಗಳನ್ನು ಹೊರಳಿಸುತ್ತದೆ. ಕೆಲವು ಮಾದರಿಗಳಲ್ಲಿ ಎರಡು ಡ್ರಾಪ್ ಆರ್ಮುಗಳಿದ್ದು ಒಂದೊಂದು ಗಾಲಿಗೆ ಒಂದೊಂದು ಲಿಂಕ್ ಇರುತ್ತದೆ.

ವರ್ಮಿನ ಬೇರಿಂಗುಗಳು ಸವೆದಾಗ ಚಕ್ರ ತಿರುಗಿಸಿದರೆ ನಟ್ಟು ಸರಿಯುವ ಬದಲು ಮೊದಲು ದಂಡವೇ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಅದು ಬೇರಿಂಗಿಗೆ ತಾಗಿ ನಿಂತ ಮೇಲಷ್ಟೇ ನಟ್ಟು ಚಲಿಸತೊಡಗುತ್ತದೆ. ಆದ್ದರಿಂದ ಹಲ್ಲುಗಳು ಚೆನ್ನಾಗಿದ್ದರೂ ಬೇರಿಂಗ್ ಸವೆತದಿಂದಲೇ ಸ್ಟೀರಿಂಗ್ ಸಡಿಲವಾಗಬಹುದು.

ಸವೆಯಲು ಕಾರಣಗಳು

1. ಟ್ರ್ಯಾಕ್ಟರ್ ಹತ್ತುವಾಗ ಸ್ಟೀರಿಂಗ್ ಚಕ್ರವನ್ನು ಹಿಡಿದು ಮೈಭಾರ ಹಾಕುವುದು. ಹೀಗೆ ದಿನವೂ ಹತ್ತಾರು ಸಲ ಮಾಡಿದರೆ ಮೇಲಿನ ಬುಷ್ ಒಂದೇ ಪಕ್ಕಕ್ಕೆ ಸವೆದು ಅದರ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

2. ಚಕ್ರದ ನಡುವಿನ ಮುಚ್ಚಳ ಅಥವಾ ಧೂಳು ತಡೆಯುವ ಸೀಲ್ ಕಳೆದುಹೋಗಿರುವುದು. ಮಳೆ ನೀರು ಮತ್ತು ಧೂಳು ಕೊಳವೆಯೊಳಗೆ ಇಳಿದು ಗ್ರೀಸಿನೊಂದಿಗೆ ಬೆರೆತಾಗ ಸಾಣೆ ಹಿಡಿದಂತೆ ಬೇರಿಂಗ್ ತೇಯುತ್ತದೆ.

3. ಪೆಟ್ಟಿಗೆಯಲ್ಲಿ ಎಣ್ಣೆ ಕಡಿಮೆಯಾಗುವುದು. ಕೆಳಗಿನ ಸೀಲ್ ಸೋರುತ್ತಿದ್ದರೂ ಅನೇಕರು ಗಮನಿಸುವುದಿಲ್ಲ.

4. ನಿಂತ ಟ್ರ್ಯಾಕ್ಟರಿನ ಗಾಲಿಗಳನ್ನು ಬಲವಂತವಾಗಿ ತಿರುಗಿಸುವುದು ಮತ್ತು ಮುಂಭಾಗಕ್ಕೆ ಅತಿಯಾದ ಭಾರ ಹೇರುವುದು.

ಸಡಿಲ ಎಷ್ಟಿದೆ, ಎಲ್ಲಿದೆ?

ಟ್ರ್ಯಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಗಾಲಿಗಳಿಗೆ ಅಡ್ಡಗಲ್ಲು ಇಡಬೇಕು. ಮುಂದಿನ ಗಾಲಿಗಳು ನೇರವಾಗಿರಲಿ. ಎಂಜಿನ್ ನಿಲ್ಲಿಸಿ, ಸ್ಟೀರಿಂಗ್ ಚಕ್ರದ ಅಂಚಿಗೆ ಸೀಮೆಸುಣ್ಣದ ಗುರುತು ಹಾಕಿ, ಗಾಲಿ ಅಲುಗುವವರೆಗೆ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಒಟ್ಟು ಸಡಿಲವನ್ನು ಅಳೆಯಬೇಕು. ಪವರ್ ಸ್ಟೀರಿಂಗ್ ಇದ್ದರೆ ಈ ಪರೀಕ್ಷೆಯನ್ನು ಎಂಜಿನ್ ನಿಧಾನ ಓಟದಲ್ಲಿರುವಾಗ ಮಾಡಬೇಕು. ಆಗ ಗಾಲಿಗಳ ಬಳಿ ಯಾರೂ ಕೈಯಿಡಕೂಡದು.

ಅಂಚಿನಲ್ಲಿ ಸುಮಾರು 25ರಿಂದ 50 ಮಿ.ಮೀ. ಸಡಿಲ ಸಾಮಾನ್ಯ. ಆಯಾ ಮಾದರಿಯ ಕೈಪಿಡಿಯಲ್ಲಿ ಕೊಟ್ಟ ಅಳತೆಯೇ ಅಂತಿಮ. ಮೋಟಾರು ವಾಹನಗಳ ಸ್ಟೀರಿಂಗ್ ಸಡಿಲ 30 ಡಿಗ್ರಿಯನ್ನು ಮೀರಕೂಡದೆಂದು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೆಯ ನಿಯಮ ಹೇಳುತ್ತದೆ. 400 ಮಿ.ಮೀ. ಅಡ್ಡಳತೆಯ ಚಕ್ರದಲ್ಲಿ 30 ಡಿಗ್ರಿ ಎಂದರೆ ಅಂಚಿನಲ್ಲಿ ಸುಮಾರು 105 ಮಿ.ಮೀ. ಅಂದರೆ ಅರ್ಧ ಗೇಣು. ಅಲ್ಲಿಯವರೆಗೆ ಕಾಯುವುದು ಜಾಣತನವಲ್ಲ.

ಸಡಿಲದ ಜಾಗವನ್ನು ಮೂರು ಹಂತಗಳಲ್ಲಿ ಪತ್ತೆ ಮಾಡಬಹುದು.

ಮೊದಲನೆಯದಾಗಿ, ಸ್ಟೀರಿಂಗ್ ಚಕ್ರವನ್ನು ತಿರುಗಿಸದೆ ಎರಡೂ ಕೈಗಳಿಂದ ಹಿಡಿದು ಅಕ್ಕಪಕ್ಕಕ್ಕೆ ಅಲುಗಿಸಬೇಕು. ಕೊಳವೆ ಸ್ಥಿರವಾಗಿದ್ದು ದಂಡ ಮಾತ್ರ ಟಕಟಕ ಎಂದು ಬಡಿದರೆ ಮೇಲಿನ ಬುಷ್ ಸವೆದಿದೆ. ಕೊಳವೆಯೇ ಅಲುಗಿದರೆ ಅದನ್ನು ಹಿಡಿದ ಬೋಲ್ಟುಗಳು ಸಡಿಲವಾಗಿವೆ.

ಎರಡನೆಯದಾಗಿ, ಚಕ್ರವನ್ನು ಕಾಲಂನ ನೇರಕ್ಕೆ ಮೇಲಕ್ಕೆ ಎಳೆದು ಕೆಳಕ್ಕೆ ಒತ್ತಬೇಕು. ದಂಡ ಮೇಲೆ ಕೆಳಗೆ ಚಲಿಸಿದರೆ ವರ್ಮಿನ ಬೇರಿಂಗುಗಳು ಸವೆದಿವೆ ಅಥವಾ ಸಡಿಲವಾಗಿವೆ. ಈ ಎರಡನೆಯ ಗುರುತು ಹಳೆಯ ಮಾದರಿಯ ಯಾಂತ್ರಿಕ ಸ್ಟೀರಿಂಗಿಗೆ ಅನ್ವಯಿಸುತ್ತದೆ.

ಮೂರನೆಯದಾಗಿ, ಒಬ್ಬರು ಚಕ್ರವನ್ನು ಎಡಬಲಕ್ಕೆ ಸ್ವಲ್ಪವೇ ಆಡಿಸುತ್ತಿರುವಾಗ ಇನ್ನೊಬ್ಬರು ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕಿನ ತುದಿಗಳು, ಟೈ ರಾಡಿನ ತುದಿಗಳು, ಇದೇ ಕ್ರಮದಲ್ಲಿ ನೋಡುತ್ತಾ ಹೋಗಬೇಕು. ಒಂದು ಭಾಗ ಚಲಿಸಿ ಅದಕ್ಕೆ ಜೋಡಿಸಿದ ಮುಂದಿನ ಭಾಗ ಚಲಿಸದಿರುವ ಜಾಗವೇ ದೋಷದ ಜಾಗ. ನಂತರ ಮುಂದಿನ ಆಕ್ಸಲನ್ನು ಜಾಕಿನಿಂದ ಎತ್ತಿ, ಗಟ್ಟಿಯಾದ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಬೇಕು. ಅಲುಗಾಟ ಕಂಡರೆ ಗಾಲಿಯ ಬೇರಿಂಗ್ ಅಥವಾ ಕಿಂಗ್ ಪಿನ್ ಬುಷ್ ಸವೆದಿದೆ.

ಒಂದೇ ಟ್ರ್ಯಾಕ್ಟರಿನಲ್ಲಿ ಎರಡು ಮೂರು ಕಡೆ ಸ್ವಲ್ಪ ಸ್ವಲ್ಪ ಸವೆತವಿದ್ದು ಎಲ್ಲವೂ ಕೂಡಿ ದೊಡ್ಡ ಸಡಿಲವಾಗುವುದೂ ಉಂಟು. ಆದ್ದರಿಂದ ಒಂದು ದೋಷ ಕಂಡೊಡನೆ ತಪಾಸಣೆ ನಿಲ್ಲಿಸಬಾರದು.

ಮೇಲಿನ ಬುಷ್ ಬದಲಾವಣೆ

ಈ ಕೆಲಸವನ್ನು ಸ್ವಲ್ಪ ಅನುಭವವಿರುವ ರೈತರು ಮನೆಯಲ್ಲಿಯೇ ಮಾಡಬಹುದು. ಹಾರ್ನ್ ಅಥವಾ ದೀಪದ ತಂತಿಗಳು ಕಾಲಂನಲ್ಲಿದ್ದರೆ ಮೊದಲು ಬ್ಯಾಟರಿಯ ತಂತಿಯನ್ನು ಬಿಚ್ಚಬೇಕು. ಚಕ್ರದ ನಡುವಿನ ಮುಚ್ಚಳ ತೆಗೆದು, ಚಕ್ರ ಮತ್ತು ದಂಡ ಎರಡರ ಮೇಲೂ ನೇರವಾಗಿ ಒಂದು ಗುರುತು ಹಾಕಬೇಕು. ಇಲ್ಲವಾದರೆ ಮರುಜೋಡಣೆಯಲ್ಲಿ ಚಕ್ರ ಓರೆಯಾಗಿ ಕೂರುತ್ತದೆ. ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಮಾತ್ರ ಸಡಿಲಿಸಿ, ಪುಲ್ಲರ್ ಹಾಕಿ ಚಕ್ರವನ್ನು ಎಳೆಯಬೇಕು. ನಟ್ಟು ತುದಿಯಲ್ಲಿದ್ದರೆ ಚಕ್ರ ಚಿಮ್ಮಿ ಮುಖಕ್ಕೆ ಬಡಿಯುವುದಿಲ್ಲ.

ದಂಡದ ತುದಿಗೆ ಸುತ್ತಿಗೆಯಿಂದ ಹೊಡೆಯಲೇಕೂಡದು. ಆ ಪೆಟ್ಟು ನೇರವಾಗಿ ಕೆಳಗಿನ ಬೇರಿಂಗಿಗೆ ತಲುಪಿ, ಗುಂಡುಗಳು ತಮ್ಮ ದಾರಿಯಲ್ಲಿ ಗುಳಿ ಮೂಡಿಸುತ್ತವೆ. ಮೇಲಿನದನ್ನು ಸರಿಪಡಿಸಲು ಹೋಗಿ ಕೆಳಗಿನದನ್ನು ಕೆಡಿಸಿದಂತಾಗುತ್ತದೆ.

ಚಕ್ರ ಬಂದ ಮೇಲೆ ಸೀಲ್ ತೆಗೆದು ಹಳೆಯ ಬುಷನ್ನು ಹೊರತೆಗೆಯಬೇಕು. ಬುಷ್ ಕೂರುವ ಜಾಗದಲ್ಲಿ ದಂಡವನ್ನು ಸೀಮೆಎಣ್ಣೆಯಿಂದ ಒರೆಸಿ ಉಗುರಿನಿಂದ ಸವರಿ ನೋಡಬೇಕು. ಉಗುರಿಗೆ ಮೆಟ್ಟಿಲು ಸಿಕ್ಕಿದರೆ ದಂಡವೂ ಸವೆದಿದೆ ಎಂದರ್ಥ. ಅಂತಹ ದಂಡಕ್ಕೆ ಹೊಸ ಬುಷ್ ಹಾಕಿದರೆ ಹೆಚ್ಚು ಕಾಲ ಬಾಳದು. ಲೇತ್ ಕೆಲಸ ಬಲ್ಲವರಿಂದ ದಂಡದ ಅಳತೆ ನೋಡಿಸಿ ತಕ್ಕ ಪರಿಹಾರ ಮಾಡಿಸಬೇಕು.

ಹೊಸ ಬಿಡಿಭಾಗ ತರುವಾಗ ಹಳೆಯದನ್ನು ಜೊತೆಗೆ ಒಯ್ಯುವುದು ಒಳ್ಳೆಯದು. ಬಾಲ್ ಬೇರಿಂಗ್ ಆಗಿದ್ದರೆ ಅದರ ಬಳೆಯ ಮೇಲೆ ಕೆತ್ತಿದ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಕೂರಿಸುವಾಗ ಹೊರಬಳೆಯಷ್ಟೇ ಅಗಲದ ಕೊಳವೆಯ ತುಂಡನ್ನಿಟ್ಟು ಓರೆಯಾಗದಂತೆ ಮೆಲ್ಲಗೆ ಒತ್ತಬೇಕು. ಒಳಬಳೆಯ ಮೇಲೆ ಪೆಟ್ಟು ಬೀಳಬಾರದು. ಗ್ರೀಸ್ ಸವರಿ, ಹೊಸ ಸೀಲ್ ಹಾಕಿ, ಗುರುತಿಗೆ ಸರಿಯಾಗಿ ಚಕ್ರ ಕೂರಿಸಿ ನಟ್ಟನ್ನು ಕೈಪಿಡಿಯ ಪ್ರಕಾರ ಬಿಗಿಯಬೇಕು.

ವರ್ಮಿನ ಬೇರಿಂಗುಗಳು

ಇದಕ್ಕೆ ಪೆಟ್ಟಿಗೆಯನ್ನು ಬಿಚ್ಚಬೇಕಾದ್ದರಿಂದ ನುರಿತ ಮೆಕ್ಯಾನಿಕರಿಂದಲೇ ಮಾಡಿಸುವುದು ಸೂಕ್ತ. ಆದರೆ ರೈತರು ಎದುರಿಗಿದ್ದು ಈ ಅಂಶಗಳನ್ನು ಗಮನಿಸಬೇಕು.

ಡ್ರಾಪ್ ಆರ್ಮ್ ತೆಗೆಯುವ ಮೊದಲು ಗುರುತು ಹಾಕಿರಬೇಕು. ಬೇರಿಂಗಿನ ಗುಂಡುಗಳು ಬಿಡಿಬಿಡಿಯಾಗಿದ್ದರೆ ಅವನ್ನು ಎಣಿಸಿಡಬೇಕು. ಕೆಲವು ಗುಂಡುಗಳು ಮಾತ್ರ ಸವೆದಿದ್ದರೂ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಕು. ಹಳೆಯ ಮತ್ತು ಹೊಸ ಗುಂಡುಗಳನ್ನು ಬೆರೆಸಿದರೆ ಭಾರವೆಲ್ಲ ದಪ್ಪನೆಯ ಹೊಸ ಗುಂಡುಗಳ ಮೇಲೆ ಬೀಳುತ್ತದೆ. ಗುಂಡುಗಳು ಓಡುವ ದಾರಿಯಲ್ಲಿ ಗುಳಿ ಅಥವಾ ತುಕ್ಕಿನ ಕಲೆ ಕಂಡರೆ ಆ ಬಳೆಯನ್ನೂ ಬದಲಾಯಿಸಬೇಕು. ಕಳಚಿದ ಕಾಟರ್ ಪಿನ್ನುಗಳನ್ನು ಮತ್ತೆ ಬಳಸದೆ ಹೊಸದನ್ನೇ ಹಾಕಿಸಬೇಕು.

ಹೊಂದಾಣಿಕೆಯ ಕ್ರಮ

ಮೊದಲು ಬೇರಿಂಗ್, ನಂತರ ಹಲ್ಲು. ಈ ಕ್ರಮ ತಪ್ಪಬಾರದು.

ಅನೇಕ ಮಾದರಿಗಳಲ್ಲಿ ಬೇರಿಂಗಿನ ಬಿಗಿತವನ್ನು ಷಿಮ್ ಎಂಬ ತೆಳು ತಗಡುಗಳಿಂದ ಹೊಂದಿಸುತ್ತಾರೆ. ಸಾಮಾನ್ಯವಾಗಿ ಷಿಮ್ ತೆಗೆದಷ್ಟೂ ಬೇರಿಂಗ್ ಬಿಗಿಯಾಗುತ್ತದೆ. ಒಮ್ಮೆಗೆ ಒಂದೇ ತೆಳುವಾದ ಷಿಮ್ ತೆಗೆದು ನೋಡಬೇಕು. ದಂಡ ಮೇಲೆ ಕೆಳಗೆ ಅಲುಗಬಾರದು, ಆದರೆ ಕೈಯಿಂದ ಸರಾಗವಾಗಿ ತಿರುಗಬೇಕು.

ಇದಾದ ಮೇಲೆ ಸೆಕ್ಟರ್ ದಂಡದ ತಿರುಪನ್ನು ಹೊಂದಿಸಬೇಕು. ಆಗ ಸ್ಟೀರಿಂಗ್ ನೇರ ಸ್ಥಿತಿಯಲ್ಲಿಯೇ ಇರಬೇಕು. ಬಹುಪಾಲು ಪೆಟ್ಟಿಗೆಗಳಲ್ಲಿ ಹಲ್ಲುಗಳ ಹಿಡಿತ ನೇರ ಸ್ಥಿತಿಯಲ್ಲಿ ಹೆಚ್ಚು ಬಿಗಿಯಾಗಿದ್ದು, ತಿರುವಿನ ಕೊನೆಯಲ್ಲಿ ಸಡಿಲವಾಗಿರುತ್ತದೆ. ತಿರುಗಿಸಿದ ಸ್ಥಿತಿಯಲ್ಲಿ ಬಿಗಿ ಮಾಡಿದರೆ ಚಕ್ರ ನೇರಕ್ಕೆ ಬರುವಾಗ ಹಲ್ಲುಗಳು ಕಚ್ಚಿಕೊಳ್ಳುತ್ತವೆ. ಬೇರಿಂಗ್ ಸಡಿಲವಿರುವಾಗಲೇ ತಿರುಪು ಬಿಗಿದರೆ ಸಡಿಲ ಮುಚ್ಚಿಹೋದಂತೆ ಕಂಡರೂ ಹಲ್ಲುಗಳು ಬೇಗ ಸವೆದು, ಕೊನೆಗೆ ಪೆಟ್ಟಿಗೆಯನ್ನೇ ಬದಲಾಯಿಸುವ ಖರ್ಚು ಬರುತ್ತದೆ.

ಮುಂದಿನ ಗಾಲಿಗಳನ್ನು ನೆಲದಿಂದ ಎತ್ತಿರುವಾಗಲೇ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಚಕ್ರ ತಿರುಗಿಸಿ ನೋಡಬೇಕು. ಎಲ್ಲಿಯೂ ತಡೆ ಸಿಗಬಾರದು. ಪೆಟ್ಟಿಗೆಗೆ ಕೈಪಿಡಿ ಹೇಳಿದ ಎಣ್ಣೆಯನ್ನೇ ಗುರುತಿನ ಮಟ್ಟಕ್ಕೆ ತುಂಬಬೇಕು.

ಮಾಡಬಾರದ ಕೆಲಸಗಳು

ಸವೆದ ಬುಷಿನ ಸುತ್ತ ಸೈಕಲ್ ಟ್ಯೂಬಿನ ಚೂರು ಅಥವಾ ಡಬ್ಬದ ತಗಡು ತುರುಕುವ ಅಭ್ಯಾಸ ಅಪಾಯಕಾರಿ. ಸದ್ದು ನಿಂತರೂ ಸವೆತ ನಿಲ್ಲುವುದಿಲ್ಲ. ತಗಡಿನ ಚೂರು ಜಾರಿ ಪೆಟ್ಟಿಗೆಯ ಹಲ್ಲುಗಳ ನಡುವೆ ಸಿಕ್ಕಿದರೆ ತಿರುವಿನ ನಡುವೆ ಸ್ಟೀರಿಂಗ್ ಸಿಕ್ಕಿಕೊಳ್ಳಬಹುದು. ಬಿರುಕು ಬಿಟ್ಟ ಡ್ರಾಪ್ ಆರ್ಮ್, ಟೈ ರಾಡುಗಳಿಗೆ ಬೆಸುಗೆ ಹಾಕಿಸಬಾರದು, ಬಾಗಿದವನ್ನು ಕಾಯಿಸಿ ನೇರ ಮಾಡಿಸಬಾರದು. ಪವರ್ ಸ್ಟೀರಿಂಗಿನ ಒತ್ತಡದ ಎಣ್ಣೆ ಕೊಳವೆಗಳನ್ನು ಮನೆಯಲ್ಲಿ ಬಿಚ್ಚಬಾರದು.

ದುರಸ್ತಿಯ ನಂತರ

ಮೊದಲು ಖಾಲಿ ಹೊಲದಲ್ಲಿ ಟ್ರೇಲರ್ ಇಲ್ಲದೆ ನಿಧಾನವಾಗಿ ಓಡಿಸಿ ನೋಡಬೇಕು. ಸುಮಾರು 10 ಗಂಟೆಗಳ ಕೆಲಸದ ನಂತರ ಬೋಲ್ಟು, ನಟ್ಟು, ಎಣ್ಣೆಯ ಮಟ್ಟ ಮತ್ತು ಸಡಿಲವನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಎತ್ತಿನ ಗಾಡಿಯ ಅಚ್ಚಿಗೆ ತಪ್ಪದೆ ಕೀಲೆಣ್ಣೆ ಹಾಕುತ್ತಿದ್ದಂತೆ ಸ್ಟೀರಿಂಗ್ ಕೀಲುಗಳಿಗೂ ಕಾಲಕಾಲಕ್ಕೆ ಗ್ರೀಸ್ ಕೊಡಬೇಕು. ಕೆಸರುಗದ್ದೆಯಲ್ಲಿ ದುಡಿಯುವ ಟ್ರ್ಯಾಕ್ಟರಿಗೆ ಕೆಲಸ ಮುಗಿದ ದಿನವೇ ತೊಳೆದು ಗ್ರೀಸ್ ಹಾಕುವುದು ಒಳ್ಳೆಯದು. ಬಾಲ್ ಜಾಯಿಂಟುಗಳ ರಬ್ಬರ್ ಟೋಪಿ ಹರಿದಿದ್ದರೆ ಕೂಡಲೇ ಬದಲಾಯಿಸಬೇಕು. ಹತ್ತುವಾಗ ಸ್ಟೀರಿಂಗ್ ಚಕ್ರವನ್ನು ಹಿಡಿದು ಎಳೆಯದೆ ಹಿಡಿಕೆಯನ್ನು ಬಳಸುವಂತೆ ಚಾಲಕರಿಗೆ ತಿಳಿಸಬೇಕು.

ಟ್ರ್ಯಾಕ್ಟರ್ ಚಾಲನೆ ಮತ್ತು ನಿರ್ವಹಣೆ ಕಲಿಯಲು ಇಚ್ಛಿಸುವವರು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿರುವ ಕೇಂದ್ರ ಸರ್ಕಾರದ ದಕ್ಷಿಣ ವಲಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯನ್ನು ಸಂಪರ್ಕಿಸಬಹುದು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಡಿಭಾಗದವರಿಗೆ ಇದು ಹೆಚ್ಚು ದೂರವಲ್ಲ. ವಿಸ್ತರಣಾ ಕಾರ್ಯಕರ್ತರು ಸುಗ್ಗಿಗೆ ಮುಂಚೆ ಹಳ್ಳಿಗಳಲ್ಲಿ ಮೇಲಿನ ಮೂರು ಹಂತದ ತಪಾಸಣೆಯನ್ನು ಮಾಡಿ ತೋರಿಸಿದರೆ ಉಪಯುಕ್ತವಾಗುತ್ತದೆ. ಇದಕ್ಕೆ ಬೇಕಾಗುವುದು ಇಬ್ಬರು ಜನ, ಒಂದು ಸೀಮೆಸುಣ್ಣ, ಒಂದು ಅಳತೆಪಟ್ಟಿ, ಒಂದು ಜಾಕ್ ಮತ್ತು ಅರ್ಧ ಗಂಟೆಯ ಸಮಯ ಮಾತ್ರ. ಟ್ರೇಲರಿಗೆ ಕಬ್ಬು ಹೇರುವ ಮೊದಲೇ ಈ ಅರ್ಧ ಗಂಟೆಯನ್ನು ಬಿಡುವು ಮಾಡಿಕೊಳ್ಳುವುದು ಕ್ಷೇಮ.