ಬಿಡುವಿನ ವೇಳೆಯ ಕ್ಯಾಮೆರಾ: ಉಪವೃತ್ತಿಯೂ ಅದರ ಲೆಕ್ಕವೂ

ಕಲ್ಯಾಣಮಂಟಪದಲ್ಲಿ ಕ್ಯಾಮೆರಾ ಹಿಡಿದು ನಿಂತವರೆಲ್ಲರೂ ಸ್ಟುಡಿಯೋ ಮಾಲೀಕರಲ್ಲ. ಅವರಲ್ಲಿ ಅನೇಕರು ವಾರದ ಉಳಿದ ದಿನಗಳಲ್ಲಿ ಕಾರ್ಖಾನೆಯ ಉಗ್ರಾಣದಲ್ಲಿಯೋ, ಬಟ್ಟೆ ಅಂಗಡಿಯ ಗಲ್ಲಾದಲ್ಲಿಯೋ, ಸಹಕಾರಿ ಸಂಘದ ಕಚೇರಿಯಲ್ಲಿಯೋ ದುಡಿಯುವವರು. ವಿ.ಎಚ್.ಎಸ್. ಕ್ಯಾಸೆಟ್‌ನ ಕಾಲದಲ್ಲಿ ಸ್ಟುಡಿಯೋದವರ ಸ್ವತ್ತಾಗಿದ್ದ ಈ ಕಸುಬು, ಡಿಜಿಟಲ್ ಕ್ಯಾಮೆರಾ ಹಾಗೂ ಮನೆಯ ಗಣಕಯಂತ್ರದಲ್ಲಿಯೇ ಸಂಕಲನ ಮಾಡುವ ಅನುಕೂಲ ಬಂದ ಮೇಲೆ ಯಾರು ಬೇಕಾದರೂ ಕೈಹಾಕಬಹುದಾದ ಉಪವೃತ್ತಿಯಾಗಿದೆ.

ವಾಣಿಜ್ಯೋದ್ಯಮಿಗಳಿಗೆ ಈ ವಿಷಯ ಎರಡು ಬಗೆಯಿಂದ ಸಂಬಂಧಿಸಿದ್ದು. ಕ್ಯಾಮೆರಾ ಕೊಳ್ಳಲು ಹಣ ಕೇಳುವ ಮಗನೋ ಮಗಳೋ ನೌಕರನೋ ಅವರ ಬಳಿಯೇ ಇರುತ್ತಾರೆ. ಯಂತ್ರದ ಕಾರ್ಯವೈಖರಿಯನ್ನು ದೂರದ ಗ್ರಾಹಕನಿಗೆ ತೋರಿಸಲು ಕಿರುಚಿತ್ರ ಬೇಕಾದಾಗ ಹಣ ಕೊಡುವವರೂ ಅವರೇ. ಆದುದರಿಂದ ಈ ವೃತ್ತಿಯ ಜಮಾ-ಖರ್ಚನ್ನು ಎರಡೂ ಕಡೆಯಿಂದ ಅರಿಯುವುದು ಯುಕ್ತ.

ಕೆಲಸದ ಹಂಗಾಮು

ಈ ವೃತ್ತಿಯ ಮೊದಲ ಸತ್ಯವೆಂದರೆ ಅದು ಪಂಚಾಂಗವನ್ನು ಅನುಸರಿಸುತ್ತದೆ. ಮಾಘ, ಫಾಲ್ಗುಣ, ವೈಶಾಖಗಳಲ್ಲಿ ಒಂದೇ ಮುಹೂರ್ತಕ್ಕೆ ಹಲವು ಮದುವೆಗಳು. ಆಷಾಢ ಮತ್ತು ಧನುರ್ಮಾಸಗಳಲ್ಲಿ ಬಹುತೇಕ ಕ್ಯಾಮೆರಾಗಳು ಚೀಲದೊಳಗೆ. ಸಾಲದ ಕಂತು ಮಾತ್ರ ಆಷಾಢವನ್ನು ಬಲ್ಲದು ಎಂದು ಯಾರೂ ಹೇಳಲಾರರು.

ಹೊಸಬನಿಗೆ ಸುಲಭವಾಗಿ ಸಿಗುವುದು ಸ್ಥಾಪಿತ ಸ್ಟುಡಿಯೋಗಳ ಪರವಾಗಿ ದಿನಗೂಲಿಯ ಮೇಲೆ ಎರಡನೆಯ ಕ್ಯಾಮೆರಾ ನಿರ್ವಹಿಸುವ ಕೆಲಸ. ಗ್ರಾಹಕನನ್ನು ಹುಡುಕುವ ಶ್ರಮವಿಲ್ಲ; ಆದರೆ ಕೂಲಿಯೂ ಮಿತ. ಇದಕ್ಕೆ ಪ್ರತಿಯಾಗಿ ಸಣ್ಣ ಕೈಗಾರಿಕೆಗಳ ಉತ್ಪನ್ನ ಪರಿಚಯ, ಯಂತ್ರ ಅಳವಡಿಕೆಯ ವಿವರಣೆ, ಕಾರ್ಮಿಕರ ಸುರಕ್ಷತಾ ತರಬೇತಿ ಮುಂತಾದ ಚಿತ್ರಗಳಿಗೆ ಮುಹೂರ್ತದ ಹಂಗಿಲ್ಲ. ವಾರದ ರಜೆಯ ದಿನ ಚಿತ್ರೀಕರಿಸಿ, ರಾತ್ರಿ ವೇಳೆ ಸಂಕಲನ ಮಾಡಬಹುದು. ನೌಕರಿಯಲ್ಲಿದ್ದುಕೊಂಡು ದುಡಿಯಬೇಕೆನ್ನುವವನಿಗೆ ಹೊಂದುವುದು ಇದೇ. ಜವಳಿ ವ್ಯಾಪಾರಿಗಳು ಆಷಾಢದಲ್ಲಿ ರಿಯಾಯಿತಿ ಕೊಡುವಂತೆ ಚಿತ್ರಗ್ರಾಹಕರೂ ಆ ತಿಂಗಳಲ್ಲಿ ಕಡಿಮೆ ದರಕ್ಕೆ ಒಪ್ಪಬಹುದು. ಕಾರ್ಖಾನೆಯವರು ತಮ್ಮ ಚಿತ್ರಗಳನ್ನು ಆಗಲೇ ಮಾಡಿಸಿಕೊಂಡರೆ ಉಭಯತರಿಗೂ ಲಾಭ.

ಒಂದು ವರ್ಷದ ಜಮಾ-ಖರ್ಚು

ಲೆಕ್ಕ ಸ್ಪಷ್ಟವಾಗಲು ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಕಬ್ಬಿಣದ ಸಾಮಾನುಗಳ ವ್ಯಾಪಾರಿಯೊಬ್ಬರ ಮಗ ಸಣ್ಣ ಕಾರ್ಖಾನೆಯೊಂದರಲ್ಲಿ ಉಗ್ರಾಣದ ಗುಮಾಸ್ತ. ಸಂಬಳ ತಿಂಗಳಿಗೆ 20,000 ರೂ.; ಜೊತೆಗೆ ಭವಿಷ್ಯನಿಧಿ ಹಾಗೂ ಇ.ಎಸ್.ಐ. ಸೌಲಭ್ಯ. ಈತ ಕ್ಯಾಮೆರಾ, ಮಸೂರ, ದೀಪ, ಮೈಕುಗಳಿಗೆ 2,40,000 ರೂ., ಗಣಕಯಂತ್ರಕ್ಕೆ 1,10,000 ರೂ., ಒಟ್ಟು 3,50,000 ರೂ. ತೊಡಗಿಸುತ್ತಾನೆ. ಅದರಲ್ಲಿ 2,50,000 ರೂ. ಶೇ. 12ರ ಬಡ್ಡಿಯ ಮೂರು ವರ್ಷದ ಸಾಲ. ಮಾಸಿಕ ಕಂತು ಸುಮಾರು 8,300 ರೂ.

ವರ್ಷದಲ್ಲಿ ಸ್ಟುಡಿಯೋಗಳಿಗೆ 24 ದಿನ, ದಿನಕ್ಕೆ 6,000 ರೂ.ನಂತೆ 1,44,000 ರೂ. ಕಾರ್ಖಾನೆಗಳಿಗೆ ಆರು ಕಿರುಚಿತ್ರ, ತಲಾ 25,000 ರೂ.ನಂತೆ 1,50,000 ರೂ. ಒಟ್ಟು ಬಿಲ್ಲು 2,94,000 ರೂ. ವಾರ್ಷಿಕ ಸಂಬಳವೋ 2,40,000 ರೂ. ರಜೆಯ ದಿನಗಳಲ್ಲಿಯೇ ಸಂಬಳಕ್ಕಿಂತ ಹೆಚ್ಚು ದುಡಿದೆನೆಂದು ಆತ ರಾಜೀನಾಮೆ ಪತ್ರ ಬರೆಯಲು ಕುಳಿತರೆ ಆಶ್ಚರ್ಯವಿಲ್ಲ. ಮನೆಯ ಹಿರಿಯರು ಲೆಕ್ಕದ ಪುಸ್ತಕ ತೆರೆಯಬೇಕಾದುದು ಆ ಗಳಿಗೆಯಲ್ಲಿಯೇ.

ಸಹಾಯಕ ಹಾಗೂ ಪ್ರಯಾಣಕ್ಕೆ 48,000. ಹಾರ್ಡ್ ಡಿಸ್ಕ್, ಮೆಮೊರಿ ಕಾರ್ಡ್, ಬ್ಯಾಟರಿಗೆ 22,000. ತಂತ್ರಾಂಶದ ಚಂದಾ, ಇಂಟರ್‌ನೆಟ್, ವಿದ್ಯುತ್ತಿಗೆ 24,000. ವಿಮೆ ಮತ್ತು ದುರಸ್ತಿಗೆ 14,000. ವಸೂಲಾಗದ ಬಾಕಿ 18,000. ಮೊದಲ ವರ್ಷದ ಬಡ್ಡಿ ಸುಮಾರು 26,000 ರೂ. ಇನ್ನುಳಿದುದು ಸವಕಳಿ. ಸಲಕರಣೆಗಳ ಉಪಯುಕ್ತ ಆಯುಸ್ಸು ನಾಲ್ಕು ವರ್ಷ, ಕೊನೆಗೆ ಮಾರಿದರೆ 70,000 ರೂ. ಬರುತ್ತದೆಂದುಕೊಂಡರೂ ವರ್ಷಕ್ಕೆ 70,000 ರೂ. ಸವೆಯಿತು. ಒಟ್ಟು ಖರ್ಚು 2,22,000 ರೂ. ನಿವ್ವಳ ಉಳಿಕೆ 72,000 ರೂ. ಚಿತ್ರೀಕರಣ, ಸಂಕಲನ, ಓಡಾಟ ಎಲ್ಲ ಸೇರಿ 600 ಗಂಟೆಗಳ ದುಡಿಮೆಯಾಗಿದ್ದರೆ ಗಂಟೆಗೆ ದೊರೆತುದು 120 ರೂ.

ಇದು ನಷ್ಟವಲ್ಲ. ಉಪಆದಾಯವಾಗಿ 72,000 ರೂ. ಅಲ್ಲಗಳೆಯುವಂಥದ್ದೂ ಅಲ್ಲ. ಆದರೆ ನೌಕರಿಯ ಸ್ಥಾನವನ್ನು ಅದು ತುಂಬಲಾರದು. ಮೇಲಿನ ಖರ್ಚಿನಲ್ಲಿ ಸಹಾಯಕ, ಪ್ರಯಾಣ, ಹಾರ್ಡ್ ಡಿಸ್ಕ್, ಬಾಕಿ ಇವು ಕೆಲಸ ಹೆಚ್ಚಿದಂತೆ ಹೆಚ್ಚುವಂಥವು. ಒಟ್ಟು ಬಿಲ್ಲಿನ ಸುಮಾರು ಶೇ. 30. ಉಳಿದ 1,34,000 ರೂ. ಸ್ಥಿರ ವೆಚ್ಚ. ಸಂಬಳದಷ್ಟೇ, ಅಂದರೆ 2,40,000 ರೂ. ನಿವ್ವಳವಾಗಿ ಉಳಿಯಬೇಕಾದರೆ ವರ್ಷಕ್ಕೆ ಸುಮಾರು 5,35,000 ರೂ. ಬಿಲ್ಲು ಆಗಬೇಕು. ಭವಿಷ್ಯನಿಧಿ ಹಾಗೂ ಕುಟುಂಬದ ಚಿಕಿತ್ಸೆಯ ಸೌಲಭ್ಯ ಕಳೆದುಹೋಗುವುದು ಇದಕ್ಕೆ ಹೊರತು.

ಕೊಳ್ಳುವುದೋ, ಬಾಡಿಗೆಯೋ

ಇದೇ ಉದಾಹರಣೆಯಲ್ಲಿ ಕ್ಯಾಮೆರಾ ವರ್ಗದ ಸಲಕರಣೆಗಳಿಗೆ ಮಾತ್ರ ಸವಕಳಿ 47,500, ಬಡ್ಡಿಯ ಪಾಲು 17,800, ವಿಮೆ-ದುರಸ್ತಿ 14,000, ಒಟ್ಟು ವರ್ಷಕ್ಕೆ ಸುಮಾರು 79,300 ರೂ. ಬೀಳುತ್ತದೆ. ಅಂಥದ್ದೇ ಸಲಕರಣೆ ದಿನಕ್ಕೆ 2,500 ರೂ. ಬಾಡಿಗೆಗೆ ದೊರೆಯುವುದಾದರೆ 32 ದಿನಗಳಿಗೆ ಎರಡೂ ಸಮ. ವರ್ಷಕ್ಕೆ 32 ದಿನಕ್ಕಿಂತ ಕಡಿಮೆ ಕೆಲಸವಿರುವವನು ಸಾಲ ಮಾಡಿ ಕ್ಯಾಮೆರಾ ಕೊಳ್ಳುವುದು ವ್ಯವಹಾರವಲ್ಲ, ಹವ್ಯಾಸ. ಬಾಡಿಗೆ ದರ ಊರಿಂದೂರಿಗೆ ಬೇರೆಯಾಗುತ್ತದೆ. ಆದರೆ ಲೆಕ್ಕದ ಕ್ರಮ ಇದೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಮಸೂರದ ಖರೀದಿಗೂ ಸಲ್ಲುತ್ತದೆ.

ತೆರಿಗೆಯ ವಿಚಾರ

ಸಂಬಳದೊಂದಿಗೆ ಇಂಥ ಆದಾಯವಿದ್ದರೆ ಅದು ವ್ಯಾಪಾರ ಅಥವಾ ವೃತ್ತಿಯ ಆದಾಯ. ಸಂಬಳದಾರರ ಸರಳ ನಮೂನೆಯಲ್ಲಿ ವಿವರಣೆ ಸಲ್ಲಿಸಿದರೆ ಸಾಲದು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿದ್ದ ಅಂದಾಜು ಆದಾಯ ಪದ್ಧತಿಯನ್ನು, 2026ರ ಏಪ್ರಿಲ್ 1ರಿಂದ ಅದರ ಸ್ಥಾನಕ್ಕೆ ಬರುವಂತೆ ರೂಪಿಸಿದ 2025ರ ಕಾಯ್ದೆಯಲ್ಲಿಯೂ ಮುಂದುವರಿಸಲಾಗಿದೆ. ಸಣ್ಣ ವ್ಯಾಪಾರಕ್ಕೆ ಒಟ್ಟು ವಹಿವಾಟಿನ ಶೇ. 8, ಬ್ಯಾಂಕು ಅಥವಾ ಡಿಜಿಟಲ್ ಮಾರ್ಗದಲ್ಲಿ ಬಂದ ಹಣಕ್ಕೆ ಶೇ. 6 ಕನಿಷ್ಠ ಲಾಭವೆಂದು ಪರಿಗಣಿತ. ವಾಸ್ತವ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನದನ್ನೇ ತೋರಿಸತಕ್ಕದ್ದು. ನಿರ್ದಿಷ್ಟ ವೃತ್ತಿಗಳಿಗೆ ಈ ಪ್ರಮಾಣ ಶೇ. 50. ಚಲನಚಿತ್ರ ನಿರ್ಮಾಣದಲ್ಲಿ ತೊಡಗಿದ ಛಾಯಾಗ್ರಾಹಕ ಆ ವೃತ್ತಿಗಳ ಪಟ್ಟಿಯಲ್ಲಿದ್ದಾನೆ. ಮದುವೆಯ ಚಿತ್ರಗ್ರಾಹಕ ಯಾವ ವರ್ಗಕ್ಕೆ ಸೇರುವನೆಂಬುದನ್ನು ಮೊದಲ ವರ್ಷದಲ್ಲಿಯೇ ಲೆಕ್ಕಪರಿಶೋಧಕರೊಂದಿಗೆ ನಿಶ್ಚಯಿಸಿಕೊಳ್ಳುವುದು ಲೇಸು.

ಅಂದಾಜು ಪದ್ಧತಿಯಲ್ಲಿ ಸವಕಳಿ, ಬಡ್ಡಿ ಮುಂತಾದುವನ್ನು ಪ್ರತ್ಯೇಕವಾಗಿ ಕಳೆಯಲು ಅವಕಾಶವಿಲ್ಲ. ಸಾಧಾರಣ ಪದ್ಧತಿಯಲ್ಲಾದರೆ ಕ್ಯಾಮೆರಾಕ್ಕೆ ಶೇ. 15, ಗಣಕಯಂತ್ರಕ್ಕೆ ಶೇ. 40 ಸವಕಳಿ, ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರರ್ಧ. 2025-26ನೇ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂ.ವರೆಗಿನ ಆದಾಯಕ್ಕೆ ರಿಯಾಯಿತಿಯ ಫಲವಾಗಿ ತೆರಿಗೆ ಬಾರದಿರಬಹುದು. ಆದರೂ ಒಟ್ಟು ಆದಾಯ ಮೂಲ ವಿನಾಯಿತಿ ಮಿತಿಯನ್ನು ದಾಟಿದರೆ ವಿವರಣೆ ಸಲ್ಲಿಸುವುದು ಕಡ್ಡಾಯ. ಹಾಗೆ ಸಲ್ಲಿಸಿದ ವಿವರಣೆಗಳೇ ಮುಂದೆ ಬ್ಯಾಂಕು ಸಾಲ ಕೇಳುವಾಗ ಆಧಾರ.

ಜಿ.ಎಸ್.ಟಿ. ವಿಷಯದಲ್ಲಿ ವ್ಯಾಪಾರಿಗಳ ಮನೆಗಳಲ್ಲಿ ಒಂದು ಪ್ರಮಾದ ಸಂಭವನೀಯ. ಸೇವೆಗಳಿಗೆ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂ. ವಹಿವಾಟು. ಆದರೆ ಈ ಲೆಕ್ಕ ಒಂದು ಪ್ಯಾನ್ ಸಂಖ್ಯೆಗೆ ಸೇರಿದ ಎಲ್ಲ ವ್ಯವಹಾರಗಳದ್ದೂ ಒಟ್ಟಿಗೆ. ಮಗನ ಚಿತ್ರೀಕರಣದ ಬಿಲ್ಲನ್ನು ತಂದೆಯ ನೋಂದಾಯಿತ ಅಂಗಡಿಯ ಹೆಸರಿನಲ್ಲಿ ಹರಿದರೆ ಮೊದಲ ರೂಪಾಯಿಯಿಂದಲೇ ಶೇ. 18 ತೆರಿಗೆ. ದುಡಿದವನೇ ತನ್ನ ಪ್ಯಾನ್, ತನ್ನ ಬ್ಯಾಂಕು ಖಾತೆಯ ಮೂಲಕ ಬಿಲ್ಲು ಮಾಡುವುದು ಸರಿಯಾದ ಕ್ರಮ.

ಚಿತ್ರ ಮಾಡಿಸಿಕೊಳ್ಳುವ ಉದ್ಯಮಿಗೂ ಕರ್ತವ್ಯಗಳಿವೆ. ಹಿಂದಿನ ವರ್ಷದ ವ್ಯಾಪಾರ ವಹಿವಾಟು ಒಂದು ಕೋಟಿ ರೂ. ಮೀರಿದ ವ್ಯಕ್ತಿ, ಹಾಗೂ ಎಲ್ಲ ಪಾಲುದಾರಿಕೆ ಸಂಸ್ಥೆ ಮತ್ತು ಕಂಪನಿಗಳು, ಗುತ್ತಿಗೆ ಕೆಲಸದ ಒಂದು ಪಾವತಿ 30,000 ರೂ. ಅಥವಾ ವರ್ಷದ ಮೊತ್ತ ಒಂದು ಲಕ್ಷ ರೂ. ದಾಟಿದಾಗ, ಪಡೆಯುವವನು ವ್ಯಕ್ತಿಯಾಗಿದ್ದರೆ ಶೇ. 1ರಂತೆ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕು. ಒಬ್ಬನಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಆ ಖರ್ಚು ತೆರಿಗೆ ಲೆಕ್ಕದಲ್ಲಿ ಮಾನ್ಯವಾಗದು. ಮಗಳ ಮದುವೆಯ ವಿಡಿಯೋ ಬಿಲ್ಲು ಜಾಹೀರಾತು ವೆಚ್ಚವಾಗದು ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಕರಾರು ಮತ್ತು ವಸೂಲಿ

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಈ ವೃತ್ತಿಯಲ್ಲಿ ಬೇಗ ಅನುಭವಕ್ಕೆ ಬರುತ್ತದೆ. ಚಿತ್ರ ಕೈಸೇರಿದ ಮೇಲೆ ಬಾಕಿ ಹಣ ಕೇಳುವವನು ಯಾಚಕನಂತಾಗುತ್ತಾನೆ. ಆದುದರಿಂದ ಒಂದು ಪುಟದ ಕರಾರು ಅವಶ್ಯ: ಚಿತ್ರದ ಅವಧಿ, ಚಿತ್ರೀಕರಣದ ದಿನಗಳು, ಎಷ್ಟು ಬಾರಿ ತಿದ್ದುಪಡಿ, ಮುಂಗಡ ಎಷ್ಟು, ಬಾಕಿ ಯಾವಾಗ, ಮೂಲ ದೃಶ್ಯಗಳನ್ನು ಎಷ್ಟು ಕಾಲ ಕಾಪಾಡಬೇಕು ಎಂಬ ಆರು ಅಂಶಗಳಿದ್ದರೆ ಸಾಕು. ಮೂರನೆಯ ಒಂದು ಭಾಗ ಮುಂಗಡ, ಇನ್ನೊಂದು ಭಾಗ ಚಿತ್ರೀಕರಣದ ದಿನ, ಉಳಿದುದು ಅಂತಿಮ ಪ್ರತಿ ಕೊಡುವ ಮೊದಲು ಎಂಬುದು ಅನುಕೂಲಕರ ಏರ್ಪಾಡು.

ಸೇವಾ ಉದ್ಯಮವಾಗಿ ಉದ್ಯಮ್ ನೋಂದಣಿ ಮಾಡಿಸಿಕೊಂಡರೆ ಇನ್ನೊಂದು ರಕ್ಷಣೆಯುಂಟು, ಅದಕ್ಕೆ ಶುಲ್ಕವಿಲ್ಲ. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಲಿಖಿತ ಕರಾರಿಲ್ಲದಿದ್ದರೆ 15 ದಿನ, ಇದ್ದರೂ ಗರಿಷ್ಠ 45 ದಿನದೊಳಗೆ ಹಣ ಪಾವತಿಯಾಗಬೇಕು. ತಡವಾದರೆ ಬ್ಯಾಂಕು ದರದ ಮೂರು ಪಟ್ಟು ಚಕ್ರಬಡ್ಡಿ. 2023-24ನೇ ಆರ್ಥಿಕ ವರ್ಷದಿಂದ, ಕಿರು ಮತ್ತು ಸಣ್ಣ ಉದ್ಯಮಗಳಿಗೆ ಈ ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು, ವಾಸ್ತವವಾಗಿ ಪಾವತಿ ಮಾಡಿದ ವರ್ಷದಲ್ಲಿ ಮಾತ್ರ ಖರ್ಚೆಂದು ಕಳೆಯಬಹುದು. ತಮ್ಮ ಸರಕಿನ ಹಣ ದೊಡ್ಡ ಕಂಪನಿಗಳಿಂದ ತಡವಾಗಿ ಬರುತ್ತದೆಂದು ದೂರುವ ಸಣ್ಣ ಉದ್ಯಮಿಗಳು, ತಮ್ಮಲ್ಲಿಗೆ ಬಂದ ಚಿತ್ರಗ್ರಾಹಕನ ಬಿಲ್ಲನ್ನೂ ಅದೇ ಕಣ್ಣಿನಿಂದ ನೋಡುವುದು ನ್ಯಾಯ.

ಹಕ್ಕು, ಹಾಡು, ಡ್ರೋನ್

1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಹಣ ಕೊಟ್ಟು ಮಾಡಿಸಿದ ಚಿತ್ರದ ಮೊದಲ ಹಕ್ಕುದಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಡಿಸಿದವನೇ. ಗ್ರಾಹಕನ ಚಿತ್ರವನ್ನು ತನ್ನ ಪ್ರಚಾರಕ್ಕೆ ಬಳಸಬೇಕೆನ್ನುವ ಚಿತ್ರಗ್ರಾಹಕ ಕರಾರಿನಲ್ಲಿಯೇ ಒಪ್ಪಿಗೆ ಪಡೆಯಬೇಕು. ಮದುವೆಯ ವಿಧಿಯಲ್ಲಿ ಹಾಡು ನುಡಿಸಲು ಕಾಯ್ದೆಯ ವಿನಾಯಿತಿಯುಂಟು. ಆದರೆ ಕಾರ್ಖಾನೆಯ ಪ್ರಚಾರ ಚಿತ್ರಕ್ಕೆ ಚಲನಚಿತ್ರ ಗೀತೆಯನ್ನು ಅನುಮತಿಯಿಲ್ಲದೆ ಜೋಡಿಸುವಂತಿಲ್ಲ. ಡ್ರೋನ್ ವಿಷಯದಲ್ಲಿ 2021ರ ಡ್ರೋನ್ ನಿಯಮಗಳು ಅನ್ವಯ. 250 ಗ್ರಾಂ ಮೀರಿದ ತೂಕದ ಡ್ರೋನನ್ನು ಹಣಕ್ಕಾಗಿ ಹಾರಿಸುವವನಿಗೆ ದೂರಚಾಲಕ ಪ್ರಮಾಣಪತ್ರವೂ, ಯಂತ್ರಕ್ಕೆ ನೋಂದಣಿಯೂ ಅಗತ್ಯ. ಕಾರ್ಖಾನೆಯ ಆವರಣದಲ್ಲಿ ಹಾರಿಸುವ ಮುನ್ನ ಮಾಲೀಕರು ಈ ದಾಖಲೆ ಕೇಳುವುದು ವಿವೇಕ.

ನೌಕರಿಯಲ್ಲಿರುವವರು ನೇಮಕಾತಿ ಪತ್ರದ ಷರತ್ತುಗಳನ್ನು ಓದಿ ಮಾಲೀಕರ ಅನುಮತಿ ಪಡೆಯಬೇಕು. ಸರ್ಕಾರಿ ನೌಕರರಿಗೆ ನಡತೆ ನಿಯಮಗಳ ನಿರ್ಬಂಧವಿದೆ.

ನೌಕರಿ ಬಿಡುವುದು ಯಾವಾಗ

ಉದಾಹರಣೆಯ ಗುಮಾಸ್ತನ ಪ್ರಶ್ನೆಗೆ ಉತ್ತರ ಈಗ ಸುಲಭ. ನಡುವೆ ಎರಡು ಆಷಾಢಗಳನ್ನು ಒಳಗೊಂಡು ಎರಡು ಪೂರ್ಣ ವರ್ಷಗಳ ಲೆಕ್ಕ ಬರೆಯಲಿ. ಸವಕಳಿ ಕಳೆದ ನಿವ್ವಳ ಆದಾಯ ಸಂಬಳವನ್ನು ಮುಟ್ಟಿದರೆ, ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿದ್ದರೆ, ಸಾಲದ ಮುಖ್ಯ ಭಾಗ ತೀರಿದ್ದರೆ ಆಗ ರಾಜೀನಾಮೆಯ ಮಾತು. ಅಲ್ಲಿಯವರೆಗೆ ದಿನಗೂಲಿಯ ಮದುವೆಗಳನ್ನು ಕಡಿಮೆ ಮಾಡಿ, ವರ್ಷವಿಡೀ ಕೆಲಸ ಕೊಡುವ ಎರಡು ಮೂರು ಕಾರ್ಖಾನೆಗಳನ್ನು ಸಂಪಾದಿಸಿಕೊಳ್ಳುವುದೇ ದಾರಿ. ತಂದೆಯಾದವರು ಮಗನ ಕ್ಯಾಮೆರಾಕ್ಕೆ ಜಾಮೀನು ನಿಲ್ಲುವುದಕ್ಕಿಂತ ಮೊದಲು ಅವನ ಕೈಗೆ ಒಂದು ರೋಜು ಪುಸ್ತಕವನ್ನು ಕೊಡುವುದು ಒಳಿತು. ಅದನ್ನು ಪ್ರತಿ ರಾತ್ರಿ ಬರೆಯುವವನಿಗೆ ಕ್ಯಾಮೆರಾ ಕೊಡಿಸಿದರೆ ಅಂಜಬೇಕಾಗಿಲ್ಲ.